ಇವನು ಯಾವ ಕ್ಲಾಸು ಮಿಸ್?

ಸಂಪಾದಕರಿಗೆ ನಮಸ್ಕಾರ,

ಮಾಮೂಲಿ ಪ್ರೈಮರಿ ಶಾಲೆ ಒಳಗೇನೇ ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತ ಒಂದು ಘಟಕ ಮಾಡೋ ಮಾತು ಬಂದಾಗೆಲ್ಲ ಎಲ್ಲರೂ ರೂಮಿನ ಬಗ್ಗೇನೇ ಮಾತಾಡ್ತಾರೆ, ಯಾವ ರೂಮು ಕೊಡೋದು, ಯಾವ ಬಣ್ಣ ಬಳಿಯೋದು, ಏನೇನು ಆಟದ ಸಾಮಾನು ತರೋದು. ನಾನು ಅಂಥ ಒಂದು ಘಟಕದಲ್ಲಿ ಒಂಬತ್ತು ವರ್ಷ ಸ್ಪೆಷಲ್ ಎಜುಕೇಟರ್ ಆಗಿ ಕೆಲಸ ಮಾಡಿದೀನಿ, ರೂಮು ಬೇಡ ಅಂತ ಹೇಳೋಕೆ ಈ ಪತ್ರ ಬರೀತಿಲ್ಲ. ಆದ್ರೆ ಆ ಮಗುವಿನ ಹೆಸರು ಯಾವ ಕ್ಲಾಸಿನ ಹಾಜರಿ ಪುಸ್ತಕದಲ್ಲಿದೆ ಅಂತ ಯಾರೂ ಕೇಳಲ್ಲ. ನಾನೂ ಮೊದಲನೇ ವರ್ಷ ಕೇಳಿರ್ಲಿಲ್ಲ.

ನಮಗೆ ಸಿಕ್ಕಿದ್ದು ಕಾರಿಡಾರ್ ಕೊನೇಲಿರೋ ರೂಮು, ಮುಂಚೆ ಅಲ್ಲಿ ಮುರಿದ ಬೆಂಚು, ಹರಿದ ಮ್ಯಾಪು, ಹಳೇ ಸ್ಪೋರ್ಟ್ಸ್ ಸಾಮಾನು ಎಲ್ಲ ತುಂಬಿಟ್ಟಿದ್ರು. ಖಾಲಿ ಮಾಡಿ ತೊಳೆದು ಬಣ್ಣ ಹೊಡೆಸಿದ್ವಿ. ಎಂಟು ಮಕ್ಕಳು, ಆರು ವರ್ಷದಿಂದ ಹತ್ತು ವರ್ಷದವರೆಗೆ, ಕೆಲವರಿಗೆ ಆಟಿಸಂ, ಇಬ್ಬರಿಗೆ ಡೌನ್ ಸಿಂಡ್ರೋಮ್, ಒಬ್ಬಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಒಬ್ಬಳಿಗೆ ಕಿವಿ ಕೇಳ್ತಿರ್ಲಿಲ್ಲ. ಬೆಳಿಗ್ಗೆ ಬರೋರು, ಸಾಯಂಕಾಲ ಹೋಗೋರು, ಮಧ್ಯೆ ಆ ರೂಮು ಬಿಟ್ಟು ಎಲ್ಲೂ ಹೋಗ್ತಿರ್ಲಿಲ್ಲ. ಉಳಿದವರಿಗೆ ಬೆಲ್ ಹೊಡೆದಾಗ ನಮ್ಮೋರಿಗೆ ಆಟಕ್ಕೆ ಬಿಡ್ತಿರ್ಲಿಲ್ಲ, ಗಲಾಟೆ ಆಗುತ್ತೆ, ಯಾರಾದ್ರೂ ತಳ್ಳಿಬಿಡ್ತಾರೆ ಅನ್ನೋ ಭಯ, ಆ ಭಯ ನನ್ನದೇ, ಮಕ್ಕಳದ್ದಲ್ಲ. ನೋಡೋಕೆ ಬಂದ ಎಲ್ಲರೂ ಎಷ್ಟು ಚೆನ್ನಾಗಿ ನೋಡ್ಕೊಳ್ತಿದೀರಿ ಅಂತ ಹೊಗಳಿ ಹೋಗೋರು.

ವರ್ಷದ ಕೊನೇಲಿ ಕ್ಲಾಸ್ ಫೋಟೋ ತೆಗೆಸೋ ದಿನ ಬಂತು. ಒಂದೊಂದೇ ಕ್ಲಾಸು ಸಾಲಾಗಿ ನಿಲ್ತಿದ್ರು. ಎರಡನೇ ಕ್ಲಾಸಿನ ವಯಸ್ಸಿನ ಒಬ್ಬ ಹುಡುಗ, ಮಾತು ಕಮ್ಮಿ, ಸೀದಾ ಹೋಗಿ ಎರಡನೇ ಕ್ಲಾಸಿನೋರ ಸಾಲಿನಲ್ಲಿ ನಿಂತ್ಕೊಂಡ. ಆ ಕ್ಲಾಸ್ ಟೀಚರ್ ಬೈಯ್ಯಲಿಲ್ಲ, ತುಂಬಾ ಪ್ರೀತಿಯಿಂದಲೇ ಅವನ ಕೈ ಹಿಡಿದು ನನ್ನ ಹತ್ರ ಕರ್ಕೊಂಡು ಬಂದು "ನಿಮ್ಮ ಮಗು ಇಲ್ಲಿ ಬಂದುಬಿಟ್ಟಿದೆ ನೋಡಿ" ಅಂದ್ರು. ನಿಮ್ಮ ಮಗು. ಅವನ ತಾಯಿ ಅವತ್ತು ಅಲ್ಲೇ ಇದ್ರು, ಇದನ್ನೆಲ್ಲ ನೋಡಿದ್ರು. ಸಾಯಂಕಾಲ ಬಂದು "ಇವನು ಯಾವ ಕ್ಲಾಸು ಮಿಸ್?" ಅಂತ ಕೇಳಿದ್ರು. ನಾನು ಸ್ಪೆಷಲ್ ಕ್ಲಾಸು ಅಂದೆ. "ಅದಲ್ಲ ಮಿಸ್, ಇವನ ಅಕ್ಕ ಯಾರಾದ್ರೂ ಕೇಳಿದ್ರೆ ನಾಲ್ಕನೇ ಕ್ಲಾಸು ಅಂತಾಳೆ, ಇವನು ಏನಂತ ಹೇಳ್ಬೇಕು?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಆ ಎಂಟು ಮಕ್ಕಳ ಹೆಸರು ಇದ್ದಿದ್ದು ಬೇರೇನೇ ಒಂದು ಪುಸ್ತಕದಲ್ಲಿ, ಯಾವ ಕ್ಲಾಸ್ ಟೀಚರೂ ಬೆಳಿಗ್ಗೆ ಅವರ ಹೆಸರು ಕೂಗ್ತಿರ್ಲಿಲ್ಲ.

ಇದು ನನಗೊಬ್ಬಳಿಗೆ ಆದ ಅನುಭವ ಅಲ್ಲ, ತುಂಬಾ ಹಳೇ ಸಮಸ್ಯೆ. 1978ರಲ್ಲೇ ಬ್ರಿಟನ್ನಿನಲ್ಲಿ ವಿಶೇಷ ಶಿಕ್ಷಣದ ಬಗ್ಗೆ ಮೇರಿ ವಾರ್ನಾಕ್ ಅವರ ಸಮಿತಿ ಕೊಟ್ಟ ವರದಿ, ಇಂಥ ಮಕ್ಕಳನ್ನ ಮಾಮೂಲಿ ಶಾಲೆಗೆ ಸೇರಿಸ್ಕೊಳ್ಳೋದನ್ನ ಮೂರು ಥರ ಬಿಡಿಸಿ ಹೇಳಿತ್ತು. ಒಂದು, ಬರೀ ಒಂದೇ ಕಟ್ಟಡದಲ್ಲಿ ಇರೋದು. ಎರಡನೇದು, ಆಟ ಊಟದ ಹೊತ್ತಿನಲ್ಲಿ ಒಟ್ಟಿಗೆ ಸೇರೋದು. ಮೂರನೇದು ಪಾಠದಲ್ಲೇ ಒಟ್ಟಿಗೆ ಇರೋದು, ಒಂದೇ ಕ್ಲಾಸಿನಲ್ಲಿ ಕೂತು ಅವರವರ ಮಟ್ಟಕ್ಕೆ ತಕ್ಕ ಹಾಗೆ ಕಲಿಯೋದು. ನಾವು ಮೊದಲನೇ ಮೆಟ್ಟಿಲಲ್ಲೇ ನಿಂತು ಮಹಡಿ ಹತ್ತಿದೀವಿ ಅಂದ್ಕೊಂಡಿದ್ವಿ. ಆಮೇಲೆ 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಕೂತು ಮಾಮೂಲಿ ಶಾಲೆನೇ ಎಲ್ಲಾ ಮಕ್ಕಳಿಗೂ ತಕ್ಕ ಹಾಗೆ ಬದಲಾಗ್ಬೇಕು ಅಂತ ಘೋಷಣೆ ಮಾಡಿದ್ರು, 2006ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಬಂತು, ಅದರ 24ನೇ ವಿಧಿ ಪೂರ್ತಿ ಶಿಕ್ಷಣದ್ದು. ಕಾಗದದ ಮೇಲೆ ಎಲ್ಲಾ ಇದೆ. ಶಾಲೆ ಬಾಗಿಲ ಒಳಗೆ ಬಂದ ಮೇಲೆ ಮಗು ಎಡಕ್ಕೆ ಹೋಗ್ಬೇಕೋ ಬಲಕ್ಕೆ ಹೋಗ್ಬೇಕೋ ಅನ್ನೋದನ್ನ ಮಾತ್ರ ಆಯಾ ಶಾಲೆಯೋರೇ ತೀರ್ಮಾನ ಮಾಡ್ಬೇಕು.

ಮುಂದಿನ ವರ್ಷ ನಾವು ಹಟ ಹಿಡಿದು ಬದಲಾಯಿಸಿದ್ದು ಮೊದಲು ಅದನ್ನೇ. ಎಂಟೂ ಮಕ್ಕಳ ಹೆಸರನ್ನ ಅವರ ವಯಸ್ಸಿನ ಕ್ಲಾಸಿನ ಹಾಜರಿ ಪುಸ್ತಕಕ್ಕೆ ಸೇರಿಸಿದ್ವಿ. ಬೆಳಿಗ್ಗೆ ಎಲ್ಲರೂ ಅವರವರ ಕ್ಲಾಸಿಗೇ ಹೋಗ್ಬೇಕು, ಅಲ್ಲಿ ಅವರಿಗೆ ಒಂದು ಜಾಗ, ಬ್ಯಾಗ್ ನೇತುಹಾಕೋಕೆ ಹೆಸರು ಬರೆದ ಒಂದು ಮೊಳೆ, ಹಾಜರಿ ಕೂಗಿದಾಗ ಕೈ ಎತ್ತೋದೋ, ಚಿತ್ರದ ಕಾರ್ಡ್ ತೋರಿಸೋದೋ, ಸುಮ್ನೆ ನೋಡೋದೋ, ಏನೋ ಒಂದು ಉತ್ತರ. ಅಲ್ಲಿಂದ ಬೇಕಾದಾಗ ನಮ್ಮ ರೂಮಿಗೆ ಬರೋದು, ಕೆಲಸ ಮುಗಿದ ಮೇಲೆ ವಾಪಸ್ ಹೋಗೋದು. ಕಾಗದದಲ್ಲಿ ಒಂದೇ ಸಾಲಿನ ಬದಲಾವಣೆ, ಆದ್ರೆ ಅದರಿಂದ ಆಗಿದ್ದೇನು ಅಂದ್ರೆ ಮಗು ಬರದೇ ಇದ್ದ ದಿನ ಕ್ಲಾಸ್ ಟೀಚರ್ ನನ್ನ ಹತ್ರ ಬಂದು "ಇವತ್ತು ಯಾಕೆ ಬಂದಿಲ್ಲ?" ಅಂತ ಕೇಳೋಕೆ ಶುರು ಮಾಡಿದ್ರು. ಮೊದಲು ಆ ಪ್ರಶ್ನೆ ಕೇಳೋಳು ನಾನೊಬ್ಬಳೇ ಆಗಿದ್ದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಹೆಸರೇ ಇದೆ. ಮಗು ದಿನದ ಹೆಚ್ಚು ಹೊತ್ತು ಆ ವಿಶೇಷ ಘಟಕದಲ್ಲೇ ಕಳೆದ್ರೆ ಅದು ಯೂನಿಟ್, ಹೆಚ್ಚು ಹೊತ್ತು ಮಾಮೂಲಿ ಕ್ಲಾಸಿನಲ್ಲಿದ್ದು ಸಹಾಯಕ್ಕೆ ಮಾತ್ರ ಬಂದು ಹೋದ್ರೆ ಅದು ರಿಸೋರ್ಸ್ಡ್ ಪ್ರಾವಿಷನ್. ನಮ್ಮಲ್ಲಿ ಎಲ್ಲಾನೂ ಒಂದೇ ಹೆಸರಲ್ಲಿ ಕರೆದುಬಿಡ್ತೀವಿ, ಹಾಗಾಗಿ ಯಾವುದು ಮಾಡ್ತಿದೀವಿ ಅಂತ ನಮಗೇ ಗೊತ್ತಾಗಲ್ಲ. ಎರಡೂ ಬೇಕಾಗ್ಬಹುದು, ಕೆಲವು ಮಕ್ಕಳಿಗೆ ಶುರುವಿನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ದೊಡ್ಡ ಕ್ಲಾಸಲ್ಲಿ ಇರೋಕಾಗಲ್ಲ, ಆಗ್ಲಿ ಬಿಡಿ, ಆದ್ರೆ ಆ ಹತ್ತು ನಿಮಿಷ ಅವರ ಕ್ಲಾಸಿನ ಹತ್ತು ನಿಮಿಷ ಆಗಿರ್ಬೇಕು, ನೆಂಟರ ಮನೆಗೆ ಹೋಗಿ ಬಂದ ಹಾಗಿರ್ಬಾರ್ದು.

ಈಗ ಇನ್ನೊಂದು ಕಡೆಯಿಂದ ಒಂದು ಮಾತು ಬರುತ್ತೆ, ಹಾಗಾದ್ರೆ ಬೇರೆ ರೂಮೇ ಯಾಕೆ, ಎಲ್ಲರನ್ನೂ ಕ್ಲಾಸಲ್ಲೇ ಕೂರ್ಸಿ, ಅದೇ ನಿಜವಾದ ಸಮಾನತೆ ಅಂತ. ಇಟಲಿ 1977ರ ಕಾನೂನಿನಲ್ಲಿ ವಿಶೇಷ ತರಗತಿಗಳನ್ನೇ ತೆಗೆದುಹಾಕ್ತು, ಆ ಧೈರ್ಯದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ಅದೇ ಕಾನೂನು ಅಂಥ ಮಗು ಇರೋ ಕ್ಲಾಸಲ್ಲಿ 20ಕ್ಕಿಂತ ಜಾಸ್ತಿ ಮಕ್ಕಳು ಇರ್ಬಾರ್ದು, ಜೊತೆಗೆ ತರಬೇತಿ ಆದ ಇನ್ನೊಬ್ಬ ಟೀಚರ್ ಇರ್ಬೇಕು ಅಂತಾನೂ ಹೇಳ್ತು, ಅದನ್ನ ಯಾರೂ ನೆನಪು ಮಾಡ್ಕೊಳ್ಳಲ್ಲ. ತುಂಬಿ ತುಳುಕೋ ಕ್ಲಾಸು, ಒಬ್ಬರೇ ಟೀಚರ್, ತರಬೇತಿ ಇಲ್ಲ, ಅಲ್ಲಿ ಮಗುನ ಹಿಂದಿನ ಬೆಂಚಲ್ಲಿ ಕೂರ್ಸಿ ಸೇರಿಸ್ಕೊಂಡಿದೀವಿ ಅನ್ನೋದು ಮಗುನ ಕೈಬಿಟ್ಟ ಹಾಗೇನೇ.

ರೂಮು ಯಾಕೆ ಬೇಕು ಅಂತ ಹೇಳ್ತೀನಿ ಕೇಳಿ. ಸದ್ದು. ದೊಡ್ಡೋರಿಗೆ ಇದು ಅರ್ಥನೇ ಆಗಲ್ಲ. ಕಾಂಕ್ರೀಟ್ ಗೋಡೆ, ಗಟ್ಟಿ ನೆಲ, ಎತ್ತರದ ಸೀಲಿಂಗ್ ಇರೋ ಕ್ಲಾಸಲ್ಲಿ ಒಂದು ಕುರ್ಚಿ ಎಳೆದ್ರೆ ಆ ಸದ್ದು ಗೋಡೆಯಿಂದ ಗೋಡೆಗೆ ಬಡೀತಾನೇ ಇರುತ್ತೆ. ಬ್ರಿಟನ್ನಿನ ಶಾಲಾ ಕಟ್ಟಡದ ನಿಯಮದಲ್ಲಿ ಹೊಸ ಪ್ರೈಮರಿ ಕ್ಲಾಸಲ್ಲಿ ಮಾರ್ದನಿ 0.6 ಸೆಕೆಂಡಿನ ಒಳಗೆ ತಣ್ಣಗಾಗ್ಬೇಕು, ಹಿನ್ನೆಲೆ ಸದ್ದು 35 ಡೆಸಿಬೆಲ್ ದಾಟ್ಬಾರ್ದು ಅಂತಿದೆ, ಕಿವಿಯ ತೊಂದರೆ ಅಥವಾ ಸಂವಹನದ ತೊಂದರೆ ಇರೋ ಮಕ್ಕಳ ಕೋಣೆಗೆ ಅದನ್ನ 0.4 ಸೆಕೆಂಡ್ ಮತ್ತೆ 30 ಡೆಸಿಬೆಲ್‌ಗೆ ಇಳಿಸಿದಾರೆ. ಅಳತೆ ಮಾಡಿ ಬರೆದಿಟ್ಟಿದಾರೆ ಅಂದ್ರೆ ಅದು ಅಷ್ಟು ಮುಖ್ಯ. ನಮ್ಮ ಕಿವಿ ಕೇಳದ ಹುಡುಗಿಗೆ ಹಿಯರಿಂಗ್ ಏಡ್ ಇತ್ತು, ಎಲ್ಲರೂ ಈಗ ಕೇಳುತ್ತಲ್ಲ ಅಂತಿದ್ರು, ಆದ್ರೆ ಹಿಯರಿಂಗ್ ಏಡ್ ಟೀಚರ್ ಮಾತನ್ನೂ ಜೋರು ಮಾಡುತ್ತೆ, ಪಕ್ಕದೋರು ಪೆನ್ಸಿಲ್ ಬಾಕ್ಸ್ ಬೀಳಿಸಿದ್ದನ್ನೂ ಜೋರು ಮಾಡುತ್ತೆ. ಟೀಚರ್ ದೂರ ಎರಡರಷ್ಟಾದ್ರೆ ಅವರಿಂದ ಸೀದಾ ಬರೋ ದನಿ ಸುಮಾರು 6 ಡೆಸಿಬೆಲ್ ಕಮ್ಮಿ ಆಗುತ್ತೆ, ಗಲಾಟೆ ಮಾತ್ರ ಹಾಗೇ ಇರುತ್ತೆ. ಟೀಚರ್ ಕುತ್ತಿಗೆಗೆ ಸಣ್ಣ ಮೈಕ್ ಹಾಕಿ ಅದು ಸೀದಾ ಅವಳ ಮಷೀನಿಗೆ ಹೋಗೋ ಹಾಗೆ ಮಾಡಿದ ದಿನ ಅವಳು ಮೊದಲನೇ ಸಲ ಕಥೆ ಮುಗಿಯೋಕೆ ಮುಂಚೆನೇ ನಕ್ಕಳು, ಅಲ್ಲಿವರೆಗೂ ಪಕ್ಕದೋರು ನಕ್ಕಿದ್ದು ನೋಡಿ ಆಮೇಲೆ ನಗ್ತಿದ್ದಳು. ಕುರ್ಚಿ ಕಾಲಿಗೆಲ್ಲ ರಬ್ಬರ್ ಬುಶ್ ಹಾಕಿಸಿದ್ವಿ, ಅದರಿಂದ ಇಡೀ ಕ್ಲಾಸಿಗೇ ಉಪಯೋಗ ಆಯ್ತು.

ಆಟಿಸಂ ಇರೋ ಮಗುವಿಗೆ ಒಮ್ಮೊಮ್ಮೆ ಬೆಳಕು, ಸದ್ದು, ವಾಸನೆ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗಾಗುತ್ತೆ, ಆಗ ಅದು ಕಿವಿ ಮುಚ್ಕೊಂಡು ಕೂಗಿದ್ರೆ ಅದು ಹಟ ಅಲ್ಲ, ತಡ್ಕೊಳ್ಳೋಕಾಗದೇ ಇರೋದು. ಆಗ ಹೋಗೋಕೆ ಒಂದು ಶಾಂತವಾದ ಜಾಗ ಬೇಕೇ ಬೇಕು. ಆದ್ರೆ ಆ ಜಾಗ ಯಾವತ್ತೂ ಶಿಕ್ಷೆಯ ಜಾಗ ಆಗ್ಬಾರ್ದು, ಬಾಗಿಲಿಗೆ ಹೊರಗಿನಿಂದ ಚಿಲಕ ಇರ್ಲೇಬಾರ್ದು, ಮಗು ತಾನಾಗೇ ಕಾರ್ಡ್ ತೋರಿಸಿ ಹೋಗಿ ತಾನಾಗೇ ವಾಪಸ್ ಬರೋ ಹಾಗಿರ್ಬೇಕು. ಇದರ ಜೊತೆಗೆ ಸ್ಪೀಚ್ ಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡ್ಕೊಳ್ಳೋಕೆ ಕಲಿಸೋರು) ಬಂದಾಗ ಕೂತು ಕೆಲಸ ಮಾಡೋಕೆ ಜಾಗ, ಬಟ್ಟೆ ಬದಲಾಯಿಸೋಕೆ ಮರ್ಯಾದೆ ಇರೋ ಜಾಗ, ವೀಲ್‌ಚೇರ್ ತಿರುಗೋ ಅಷ್ಟು ಅಗಲದ ಟಾಯ್ಲೆಟ್. ಟಾಯ್ಲೆಟ್ ವಿಷಯ ಎಲ್ಲರೂ ಕೊನೆಗೆ ಬರೀತಾರೆ, ಅದನ್ನ ಮೊದಲು ಬರೀಬೇಕು, ಮಗು ಟಾಯ್ಲೆಟ್‌ಗೆ ಹೋಗೋಕಾಗಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೇ ಕೂತಿರೋದನ್ನ ನಾನು ನೋಡಿದೀನಿ. ಮತ್ತೆ ಈ ರೂಮು ಕಾರಿಡಾರ್ ಕೊನೇಲಿ ಬೇಡ, ಕ್ಲಾಸುಗಳ ಮಧ್ಯೆ ಇರ್ಲಿ. ಮಗು ಒಂದು ನಿಮಿಷದೊಳಗೆ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಓಡಾಡೋ ಹಾಗಿದ್ರೆ ಮಾತ್ರ ಅದು ಓಡಾಡುತ್ತೆ, ದೂರ ಇದ್ರೆ ಯಾವುದೋ ಒಂದು ಕಡೆ ಉಳಿದುಬಿಡುತ್ತೆ, ಯಾವ ಕಡೆ ಅಂತ ನಿಮಗೂ ಗೊತ್ತು.

ಮಗುವಿನ ಪಕ್ಕ ಕೂರೋರ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಇದು ಸ್ವಲ್ಪ ಬೇಜಾರಾಗೋ ವಿಷಯ. ತುಂಬಾ ಪೇರೆಂಟ್ಸ್ ನಮ್ಮ ಮಗುವಿಗೆ ಯಾವಾಗ್ಲೂ ಪಕ್ಕದಲ್ಲಿ ಒಬ್ಬರು ಇರ್ಬೇಕು ಅಂತ ಕೇಳ್ತಾರೆ, ಶಾಲೆಯೋರಿಗೂ ಅದೇ ಸುಲಭ. ಬ್ರಿಟನ್ನಿನಲ್ಲಿ ಪೀಟರ್ ಬ್ಲಾಚ್‌ಫೋರ್ಡ್ ಮತ್ತೆ ಜೊತೆಯೋರು 2003ರಿಂದ 2009ರವರೆಗೆ ದೊಡ್ಡ ಅಧ್ಯಯನ ಮಾಡಿದ್ರು, ಸಹಾಯಕರಿಂದ ಹೆಚ್ಚು ಸಹಾಯ ಸಿಕ್ಕ ಮಕ್ಕಳು ಅದೇ ಥರದ ಬೇರೆ ಮಕ್ಕಳಿಗಿಂತ ಕಮ್ಮಿ ಮುಂದುವರೆದಿದ್ರು. ಇದು ಸಹಾಯಕರ ತಪ್ಪಲ್ಲ. ಸಹಾಯಕರು ಪಕ್ಕದಲ್ಲಿದ್ದಾರೆ ಅಂತ ಟೀಚರ್ ಆ ಮಗುವಿನ ಕಡೆ ತಿರುಗೋದೇ ಇಲ್ಲ, ತರಬೇತಿ ಕೊಡದ ಸಹಾಯಕರು ಕೆಲಸ ಮುಗಿಸಿಬಿಡೋಣ ಅಂತ ತಾವೇ ಮಾಡ್ಕೊಟ್ಟುಬಿಡ್ತಾರೆ. ಅದಕ್ಕಿಂತ ಮುಂಚೆ 1997ರಲ್ಲಿ ಅಮೆರಿಕದ ಮೈಕಲ್ ಜಿಯಾಂಗ್ರೆಕೋ ಮತ್ತೆ ಜೊತೆಯೋರೂ ಇದನ್ನೇ ಬರೆದಿದ್ರು, ದೊಡ್ಡೋರು ಯಾವಾಗ್ಲೂ ಅಂಟ್ಕೊಂಡಿದ್ರೆ ಉಳಿದ ಮಕ್ಕಳು ಹತ್ರ ಬರಲ್ಲ ಅಂತ. ನಮ್ಮಲ್ಲಿ ಆಗಿದ್ದೂ ಅದೇ. ನಮ್ಮ ಆಯಾ ಒಬ್ಬರು ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತಿದ್ರು, ಪೆನ್ಸಿಲ್ ಎತ್ತಿಕೊಡೋದು, ಪುಸ್ತಕ ತೆಗೆದುಕೊಡೋದು, ಎಲ್ಲಾ ಅವರೇ. ಒಂದು ದಿನ ಅವರಿಗೆ ಹುಷಾರಿರ್ಲಿಲ್ಲ, ಅವತ್ತು ಪಕ್ಕದ ಬೆಂಚಿನ ಹುಡುಗಿ ಇವಳಿಗೆ ಪೆನ್ಸಿಲ್ ಎತ್ತಿಕೊಟ್ಟಳು, ಇಬ್ಬರೂ ಏನೋ ಗುಸುಗುಸು ಮಾತಾಡ್ಕೊಂಡ್ರು, ಮಧ್ಯಾಹ್ನ ಆ ಹುಡುಗಿನೇ ಇವಳ ವೀಲ್‌ಚೇರ್ ಪಕ್ಕ ನಡ್ಕೊಂಡು ಹೋದಳು. ಆಯಾ ವಾಪಸ್ ಬಂದ ಮೇಲೆ ಕೂತು ಮಾತಾಡಿದ್ವಿ, ಅವರಿಗೆ ಅಳು ಬಂತು, ನಾನು ಅಡ್ಡ ಇದ್ನಾ ಅಂತ. ಅಡ್ಡ ಅಲ್ಲ, ಜಾಗ ಬದಲಾಯಿಸೋಣ ಅಂದೆ. ಅವರ ಕುರ್ಚಿನ ಎರಡು ಸಾಲು ಹಿಂದಕ್ಕೆ ಹಾಕಿ, ಕರೆದಾಗ ಮಾತ್ರ ಬರೋದು, ಉಳಿದ ಹೊತ್ತು ಕ್ಲಾಸಿನ ಯಾವ ಮಗುವಿಗೆ ಬೇಕಾದ್ರೂ ಸಹಾಯ ಮಾಡೋದು ಅಂತ ಮಾಡಿದ್ವಿ. ಇದನ್ನ ಆ ಹುಡುಗಿ ತಂದೆಗೆ ಒಪ್ಪಿಸೋಕೆ ಎರಡು ತಿಂಗಳು ಬೇಕಾಯ್ತು, ಅವರ ಭಯನೂ ಸುಳ್ಳಲ್ಲ.

ಕಲಿಸೋ ವಿಧಾನದ ಬಗ್ಗೆ ಹೇಳ್ಬೇಕು ಅಂದ್ರೆ, ಹೊಸದಾಗಿ ಕಂಡುಹಿಡಿಯೋ ಅಗತ್ಯ ಏನಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಎರಿಕ್ ಶಾಪ್ಲರ್ 1972ರಲ್ಲಿ ಆಟಿಸಂ ಇರೋ ಮಕ್ಕಳಿಗೆ ಅಂತ ಶುರು ಮಾಡಿದ ಟೀಚ್ (TEACCH) ಕಾರ್ಯಕ್ರಮದಲ್ಲಿ ಮಗುವಿಗೆ ಬಾಯಲ್ಲಿ ಹೇಳೋದರ ಬದಲು ಕಣ್ಣಿಗೆ ಕಾಣೋ ಹಾಗೆ ದಿನನ ಜೋಡಿಸಿಡ್ತಾರೆ, ಈಗ ಏನು, ಇದಾದ ಮೇಲೆ ಏನು, ಎಷ್ಟು ಮಾಡ್ಬೇಕು, ಮುಗೀತು ಅಂತ ಹೇಗೆ ಗೊತ್ತಾಗುತ್ತೆ. 1985ರಲ್ಲಿ ಆಂಡಿ ಬಾಂಡಿ ಮತ್ತೆ ಲೋರಿ ಫ್ರಾಸ್ಟ್ ಮಾಡಿದ ಪೆಕ್ಸ್ ವಿಧಾನದಲ್ಲಿ ಮಾತು ಬರದ ಮಗು ಚಿತ್ರದ ಕಾರ್ಡನ್ನ ತಾನೇ ತಗೊಂಡು ಹೋಗಿ ಇನ್ನೊಬ್ಬರ ಕೈಗೆ ಕೊಟ್ಟು ಕೇಳುತ್ತೆ. ಇಲ್ಲಿ ಇನ್ನೊಬ್ಬರ ಕೈಗೆ ಅನ್ನೋದೇ ಮುಖ್ಯ. ನಮ್ಮ ರೂಮಲ್ಲಿ ಕಾರ್ಡು ಚೆನ್ನಾಗಿ ನಡೀತಿತ್ತು, ಕ್ಲಾಸಿಗೆ ಹೋದ ತಕ್ಷಣ ಕೆಲಸ ಮಾಡ್ತಿರ್ಲಿಲ್ಲ, ಯಾಕೆ ಅಂತ ನೋಡಿದ್ರೆ ಕಾರ್ಡುಗಳು ನಮ್ಮ ರೂಮಿನ ಗೋಡೆ ಮೇಲೇ ಇದ್ವು! ಮಗುವಿನ ಮಾತನ್ನ ನಾವು ಒಂದು ಕೋಣೆಯಲ್ಲಿ ಬಿಟ್ಟು ಮಗುನ ಮಾತ್ರ ಕಳಿಸ್ತಿದ್ವಿ. ಆಮೇಲೆ ಕಾರ್ಡಿನ ಪುಸ್ತಕ ಮಗುವಿನ ಜೊತೆಗೇ ಹೋಯ್ತು, ಅದೇ ಚಿತ್ರಗಳು ಕ್ಲಾಸಿನ ಬೋರ್ಡ್ ಪಕ್ಕ, ನೀರಿನ ನಲ್ಲಿ ಹತ್ರ, ಆಟದ ಮೈದಾನದ ಬಾಗಿಲಿಗೆ ಬಂದ್ವು. ಒಂದು ತಿಂಗಳಲ್ಲಿ ಆ ಕ್ಲಾಸಿನ ಅರ್ಧ ಮಕ್ಕಳಿಗೆ ಕಾರ್ಡಿನ ಭಾಷೆ ಬಂದಿತ್ತು.

ಗುರಿ ಬರೆಯೋದೂ ಹಾಗೇನೇ. 1975ರ ಅಮೆರಿಕದ ಕಾನೂನು ಅಂಗವೈಕಲ್ಯ ಇರೋ ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ, ಐಇಪಿ, ಇರ್ಬೇಕು ಅಂತ ತಂತು, ಈಗ ಎಷ್ಟೋ ದೇಶಗಳಲ್ಲಿ ಅಂಥದ್ದಿದೆ. ಆದ್ರೆ ಅದರಲ್ಲಿ ಸಾಮಾಜಿಕ ಕೌಶಲ್ಯ ಹೆಚ್ಚಿಸುವುದು ಅಂತ ಬರೆದ್ರೆ ಏನು ಬಂತು? ಕ್ಲಾಸಿನಲ್ಲಿ ನನ್ನನ್ನ ಬಿಟ್ಟು ಬೇರೆ ಇಬ್ಬರ ಹತ್ರ ದಿನಕ್ಕೆ ಒಂದು ಸಲ ಏನನ್ನಾದ್ರೂ ಕಾರ್ಡ್ ಕೊಟ್ಟು ಕೇಳ್ತಾನೆ ಅಂತ ಬರೀರಿ, ಮೂರು ತಿಂಗಳಿಗೆ ನೋಡಿ ಆಯ್ತೋ ಇಲ್ವೋ ಗೊತ್ತಾಗುತ್ತೆ.

ಇದೆಲ್ಲ ಆಗೋಕೆ ಬೇಕಾಗಿರೋದು ಟೈಮು. ನನ್ನ ಸಿಟ್ಟು ಇರೋದು ಇಲ್ಲೇ. ಸ್ಪೆಷಲ್ ಎಜುಕೇಟರ್ ಅಂದ್ರೆ ಎಂಟು ಮಕ್ಕಳು ತಾನೇ, ಬಿಡುವಾಗಿರ್ತಾರೆ ಅಂತ ಯಾವ ಟೀಚರ್ ರಜೆ ಹಾಕಿದ್ರೂ ಆ ಕ್ಲಾಸಿಗೆ ನನ್ನನ್ನ ಕಳಿಸೋರು, ಪರೀಕ್ಷೆ ಬಂದ್ರೆ ನಮ್ಮ ರೂಮನ್ನೇ ತಗೊಳ್ಳೋರು, ಮಕ್ಕಳಿಗೆ ಅವತ್ತು ಬರ್ಬೇಡಿ ಅಂತ ಹೇಳಿ ಕಳಿಸಿದ್ದೂ ಇದೆ. ಬೇರೆ ಯಾವ ಕ್ಲಾಸಿಗಾದ್ರೂ ಹಾಗೆ ಹೇಳ್ತೀವಾ? ವಾರಕ್ಕೆ ಒಂದು ಗಂಟೆ ಕ್ಲಾಸ್ ಟೀಚರ್ ಮತ್ತೆ ನಾನು ಜೊತೆಗೆ ಕೂತು ಮುಂದಿನ ವಾರದ ಪಾಠ ನೋಡೋಕೆ ಬೇಕು ಅಂತ ಕೇಳಿದೆ, ಟೈಮ್ ಟೇಬಲ್‌ನಲ್ಲಿ ಬರೀರಿ ಅಂತ ಕೇಳಿದೆ, ಅದು ಸಿಗೋಕೆ ನಾಲ್ಕು ವರ್ಷ ಆಯ್ತು. ಆ ಒಂದು ಗಂಟೆಯಿಂದ ಆದಷ್ಟು ಬದಲಾವಣೆ ಯಾವ ಸಾಮಾನಿನಿಂದಲೂ ಆಗ್ಲಿಲ್ಲ. ನನ್ನ ಕೆಲಸದಲ್ಲಿ ಅರ್ಧ ಮಕ್ಕಳ ಜೊತೆ, ಇನ್ನರ್ಧ ಅವರಿಗೆ ಕಲಿಸೋ ಉಳಿದ ಟೀಚರ್‌ಗಳ ಜೊತೆ ಇರ್ಬೇಕು, ಇಲ್ಲದಿದ್ರೆ ನಾನು ರಜೆ ಹಾಕಿದ ದಿನ ಘಟಕಾನೇ ರಜೆ. ಹಾಗೇ ಒಂದೇ ರೂಮಿಗೆ ಎಲ್ಲಾ ಥರದ ತೊಂದರೆ ಇರೋ ಮಕ್ಕಳನ್ನೂ ತುಂಬಬೇಡಿ, ಜೋರು ಸದ್ದು ಮಾಡಿ ಖುಷಿ ಪಡೋ ಮಗು ಮತ್ತೆ ಸದ್ದಿಗೆ ನಡುಗೋ ಮಗು ಇಬ್ಬರನ್ನೂ ಒಂದೇ ಮೂಲೆಗೆ ಹಾಕಿ ಇಬ್ಬರಿಗೂ ಅನ್ಯಾಯ ಮಾಡಿದ್ದನ್ನ ನಾನು ನೋಡಿದೀನಿ.

ಉಳಿದ ಮಕ್ಕಳ ಪೇರೆಂಟ್ಸ್ ನಮ್ಮ ಮಕ್ಕಳ ಓದು ಹಾಳಾಗುತ್ತೆ ಅಂತ ಕೇಳೋದು ಸಹಜ, ಅದಕ್ಕೆ ಸಿಟ್ಟಾಗ್ಬಾರ್ದು, ಕ್ಲಾಸಿಗೆ ಕರೆದು ಒಂದು ದಿನ ಕೂರ್ಸಿದ್ರೆ ಸಾಕು, ನಮ್ಮಲ್ಲಿ ಬಹಳಷ್ಟು ಜನಕ್ಕೆ ಅಷ್ಟೇ ಸಾಕಾಯ್ತು.

ಫೋಟೋ ಸಾಲಲ್ಲಿ ನಿಂತಿದ್ದ ಆ ಹುಡುಗನ ತಾಯಿಗೆ ಮುಂದಿನ ವರ್ಷ ನಾನೇ ಹೋಗಿ ಹೇಳಿದೆ, ಮೂರನೇ ಕ್ಲಾಸು, ಬಿ ಸೆಕ್ಷನ್, ಹಾಜರಿ ನಂಬರ್ 17 ಅಂತ. ಅವರು ಅದನ್ನ ಅವನ ಬ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ರು.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ ಇದೆ. ಇಂಥ ಘಟಕ ಶುರುವಾದ ಸುದ್ದಿ ಬಂದಾಗ ನಿಮ್ಮ ವರದಿಗಾರರು ಹೋಗಿ ಬಣ್ಣದ ಗೋಡೆ, ಆಟದ ಸಾಮಾನು, ಅತಿಥಿಗಳ ಫೋಟೋ ತೆಗೆದು ಬರ್ತಾರೆ. ಅದರ ಜೊತೆಗೆ ದಯವಿಟ್ಟು ಇನ್ನೂ ಎರಡು ವಿಷಯ ಕೇಳಿಕೊಂಡು ಬರೋಕೆ ಹೇಳಿ, ಈ ಮಕ್ಕಳ ಹೆಸರು ಯಾವ ಕ್ಲಾಸಿನ ಹಾಜರಿ ಪುಸ್ತಕದಲ್ಲಿದೆ ಅಂತ, ಮತ್ತೆ ಇಲ್ಲಿನ ಟೀಚರ್ ಮತ್ತೆ ಕ್ಲಾಸ್ ಟೀಚರ್ ವಾರದಲ್ಲಿ ಯಾವ ದಿನ ಯಾವ ಪೀರಿಯಡ್‌ನಲ್ಲಿ ಜೊತೆಗೆ ಕೂರ್ತಾರೆ ಅಂತ. ಉತ್ತರ ಏನೇ ಬಂದ್ರೂ ಅದನ್ನ ಹಾಗೇ ಅಚ್ಚು ಹಾಕಿ.

ಇಂತಿ,
ಒಬ್ಬ ಸ್ಪೆಷಲ್ ಎಜುಕೇಟರ್